ನೆಲ ಮುಟ್ಟಿದ ಮೇಲೂ ಹಾರುವ ರೆಕ್ಕೆ

ದೊಡ್ಡ ವಿಮಾನಕ್ಕಿಂತ ಸಣ್ಣ ವಿಮಾನ ಹೆಚ್ಚು ಅಪಾಯಕಾರಿ ಎಂಬ ತಿಳಿವಳಿಕೆ ಬಹುಮಂದಿಯಲ್ಲಿದೆ. ಅದು ಏಕೆ ಹಾಗೆ ಎಂದು ಕೇಳಿದರೆ ಬರುವ ಉತ್ತರಗಳು ಮಾತ್ರ ಒಂದಕ್ಕೊಂದು ಹೊಂದುವುದಿಲ್ಲ. ಎಂಜಿನ್ ಚಿಕ್ಕದೆಂದು ಒಬ್ಬರು ಹೇಳಿದರೆ, ಗಾಳಿಗೆ ಬೇಗ ಅಲುಗಾಡುತ್ತದೆಂದು ಇನ್ನೊಬ್ಬರು, ನಡೆಸುವವನು ಒಬ್ಬನೇ ಇರುತ್ತಾನೆಂದು ಮತ್ತೊಬ್ಬರು ಹೇಳುತ್ತಾರೆ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುವ ದಿನಗಳಲ್ಲೋ ಚುನಾವಣೆಯ ಕಾಲದಲ್ಲೋ ಸಾಂಬ್ರಾ ವಿಮಾನ ನಿಲ್ದಾಣದತ್ತ ಇಳಿಯುವ ಆರೆಂಟು ಆಸನಗಳ ಜೆಟ್ಟೊಂದು ಊರಿನ ಹಿಂದವಾಡಿ ಬಡಾವಣೆಯ ಮಹಡಿಗಳಿಂದ ಕಂಡರೆ, ನೋಡಿದವರ ಮನಸ್ಸಿನಲ್ಲಿ ಮೂಡುವ ಅಳುಕು ಸಾಮಾನ್ಯವಾಗಿ ಆಕಾಶಕ್ಕೆ ಸಂಬಂಧಿಸಿದ್ದು: ಎಂಜಿನ್ ನಿಂತರೆ ಏನು ಗತಿ, ಮೋಡದಲ್ಲಿ ಸಿಕ್ಕಿಕೊಂಡರೆ ಏನು ಗತಿ ಎಂಬಂಥದ್ದು. ಆದರೆ ಇಂಥ ಜೆಟ್‌ಗಳ ಅಪಘಾತದ ದಾಖಲೆಗಳನ್ನು ತೆರೆದು ನೋಡಿದರೆ ಮತ್ತೆ ಮತ್ತೆ ಎದುರಾಗುವ ದೃಶ್ಯ ಬೇರೆಯೇ ಆಗಿದೆ. ವಿಮಾನ ಕ್ಷೇಮವಾಗಿ ಹಾರಿ ಬಂದಿರುತ್ತದೆ, ಎರಡೂ ಎಂಜಿನ್‌ಗಳು ಸರಿಯಾಗಿರುತ್ತವೆ, ಚಕ್ರಗಳು ನೆಲವನ್ನೂ ಮುಟ್ಟಿರುತ್ತವೆ; ಅದಾದ ಮೇಲೆ, ಪ್ರಯಾಣ ಮುಗಿಯಿತೆಂದು ಪ್ರಯಾಣಿಕರು ನಿಟ್ಟುಸಿರು ಬಿಡುವ ಹೊತ್ತಿನಲ್ಲಿ, ಅದು ರನ್‌ವೇಯ ಪಕ್ಕಕ್ಕೋ ಕೊನೆಯಾಚೆಗೋ ಜಾರಿ ಹೋಗಿರುತ್ತದೆ.

ವೈಮಾನಿಕರು ಇದನ್ನು ರನ್‌ವೇ ಎಕ್ಸ್‌ಕರ್ಷನ್ ಎನ್ನುತ್ತಾರೆ. ಕನ್ನಡದಲ್ಲಿ ಇದನ್ನು ದಾರಿಮೀರಿಕೆ ಎನ್ನಬಹುದು. ಹಾರಲು ಯೋಗ್ಯವಾದ ಯಂತ್ರವೊಂದು ನಿಲ್ಲಲಾಗದೆ ಹೋಗುವುದೇಕೆ ಎಂಬುದು ಈ ಅಧ್ಯಾಯದ ಪ್ರಶ್ನೆ.

ಛೇದವಿಲ್ಲದ ಲೆಕ್ಕ

ಕಾರಣಕ್ಕೆ ಕೈಹಾಕುವ ಮೊದಲು ‘ಸುರಕ್ಷತೆಯ ದಾಖಲೆ’ ಎಂಬ ಮಾತನ್ನೇ ಕೊಂಚ ಬಿಡಿಸಿ ನೋಡಬೇಕಾಗುತ್ತದೆ, ಏಕೆಂದರೆ ಈ ವಿಷಯದಲ್ಲಿ ಓದುಗರು ಮೋಸಹೋಗುವುದು ಹೆಚ್ಚಾಗಿ ಇಲ್ಲಿಯೇ. ಯಾವ ದಾಖಲೆಯೂ ಶಾಲೆಯಲ್ಲಿ ಕಲಿತ ಭಿನ್ನರಾಶಿಯಂಥದ್ದು: ಮೇಲೆ ಅಪಘಾತಗಳ ಸಂಖ್ಯೆ, ಕೆಳಗೆ ಹಾರಾಟಗಳ ಸಂಖ್ಯೆ. ಸುದ್ದಿಯಲ್ಲಿ ಬರುವುದು ಮೇಲಿನ ಅಂಶವೊಂದೇ. ಕೆಳಗಿನ ಛೇದ ಬರುವುದಿಲ್ಲ.

ಛೇದ ತೀರ ಚಿಕ್ಕದಾದಾಗ ಭಿನ್ನರಾಶಿಗೆ ಅರ್ಥವೇ ಇರುವುದಿಲ್ಲ ಎಂಬುದಕ್ಕೆ ಕರ್ನಾಟಕದಲ್ಲೇ ಒಂದು ನೋವಿನ ಉದಾಹರಣೆಯಿದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ರೂಪಿಸಿದ ಹದಿನಾಲ್ಕು ಆಸನಗಳ ‘ಸರಸ್’ ವಿಮಾನದ ಎರಡನೆಯ ಮಾದರಿಯು 2009ರ ಮಾರ್ಚ್ 6ರಂದು ಪರೀಕ್ಷಾರ್ಥ ಹಾರಾಟದಲ್ಲಿದ್ದಾಗ ಬಿಡದಿಯ ಬಳಿ ನೆಲಕ್ಕಪ್ಪಳಿಸಿ, ಅದರಲ್ಲಿದ್ದ ವಾಯುಪಡೆಯ ಮೂವರು ಅಧಿಕಾರಿಗಳು ಪ್ರಾಣ ಕಳೆದುಕೊಂಡರು. ಆಗ ಹಾರಿದ್ದ ಮಾದರಿಗಳು ಎರಡು, ನಾಶವಾದದ್ದು ಒಂದು. ಇದನ್ನು ‘ಎರಡಕ್ಕೆ ಒಂದು’ ಎಂದು ಓದಿದರೆ ಸರಸ್ ಜಗತ್ತಿನ ಅತ್ಯಂತ ಅಪಾಯಕಾರಿ ವಿಮಾನವೆಂದಾಗುತ್ತದೆ, ಮತ್ತು ಆ ಓದು ಪೂರ್ತಿ ತಪ್ಪು. ಹಾರಾಟದ ನಡುವೆ ಎಂಜಿನ್ನನ್ನು ಬೇಕೆಂದೇ ನಿಲ್ಲಿಸಿ ಮತ್ತೆ ಹೊತ್ತಿಸುವಂಥ ಪರೀಕ್ಷೆಗಳು ನಡೆಯುವ ಹಾರಾಟವನ್ನು ದಿನನಿತ್ಯದ ಪ್ರಯಾಣದೊಂದಿಗೆ ಒಂದೇ ತಕ್ಕಡಿಯಲ್ಲಿ ಇಡಲಾಗದು. ಆ ಮೂವರು ಅಪಾಯವನ್ನು ಹೊತ್ತದ್ದೇ ಮುಂದೆ ಹಾರುವವರಿಗೆ ಅದು ತಗಲದಿರಲೆಂದು.

ಸೊನ್ನೆಯೂ ಇಷ್ಟೇ ಮೋಸಗೊಳಿಸುತ್ತದೆ. ಬುಟ್ಟಿಯೊಂದರಿಂದ ಮೂವತ್ತು ಮಾವಿನ ಹಣ್ಣುಗಳನ್ನು ಕಣ್ಣುಮುಚ್ಚಿ ಎತ್ತಿ, ಅವುಗಳಲ್ಲಿ ಒಂದೂ ಕೊಳೆತಿಲ್ಲವೆಂದು ಕಂಡುಕೊಂಡ ಗಿರಾಕಿಯು ಬುಟ್ಟಿಯಲ್ಲಿ ಕೊಳೆತ ಹಣ್ಣೇ ಇಲ್ಲವೆಂದು ತೀರ್ಮಾನಿಸಿದರೆ ಅವಸರವಾದೀತು. ಹತ್ತಕ್ಕೊಂದು ಹಣ್ಣು ಕೊಳೆತಿರುವ ದೊಡ್ಡ ಬುಟ್ಟಿಯಿಂದಲೂ ಸತತವಾಗಿ ಮೂವತ್ತು ಒಳ್ಳೆಯ ಹಣ್ಣುಗಳು ಬರುವ ಸಾಧ್ಯತೆ ನೂರಕ್ಕೆ ನಾಲ್ಕರಷ್ಟು ಇದ್ದೇ ಇರುತ್ತದೆ. ಸಂಖ್ಯಾಶಾಸ್ತ್ರಜ್ಞರು ಇದರಿಂದ ಒಂದು ಸರಳ ನಿಯಮ ಮಾಡಿಕೊಂಡಿದ್ದಾರೆ: ಎಷ್ಟು ಸಲ ನೋಡಿದರೂ ಕೆಡುಕು ಕಾಣದಿದ್ದಾಗ, ಮೂರನ್ನು ಆ ಸಲಗಳ ಸಂಖ್ಯೆಯಿಂದ ಭಾಗಿಸಿದರೆ ಬರುವ ಪ್ರಮಾಣದಷ್ಟು ಕೆಡುಕು ಇನ್ನೂ ಅಡಗಿರಬಹುದೆಂದು ತಿಳಿಯಬೇಕು. ಬ್ರಿಟನ್ ಮತ್ತು ಫ್ರಾನ್ಸ್ ಸೇರಿ ಕಟ್ಟಿದ, 1976ರಲ್ಲಿ ಪ್ರಯಾಣಿಕರ ಸೇವೆಗೆ ಬಂದ ಕಾನ್‌ಕಾರ್ಡ್ ವಿಮಾನದಲ್ಲಿ 24 ವರ್ಷಗಳ ಕಾಲ ಒಬ್ಬ ಪ್ರಯಾಣಿಕನೂ ಸತ್ತಿರಲಿಲ್ಲ. ಆದರೆ ಅಂಥ ವಿಮಾನಗಳ ಸಂಖ್ಯೆ ಬೆರಳೆಣಿಕೆಯದಾಗಿದ್ದು ಅವುಗಳ ಒಟ್ಟು ಹಾರಾಟವೂ ಅಲ್ಪವೇ ಆಗಿದ್ದರಿಂದ, 2000ದ ಜುಲೈ 25ರಂದು ಪ್ಯಾರಿಸ್ ಬಳಿ ನಡೆದ ಒಂದೇ ಅಪಘಾತ ಅದರ ದಾಖಲೆಯನ್ನು ಅತ್ಯುತ್ತಮದಿಂದ ಅತಿ ಕೆಟ್ಟದರ ಸಾಲಿಗೆ ಒಂದೇ ದಿನದಲ್ಲಿ ಇಳಿಸಿಬಿಟ್ಟಿತು.

ಸಣ್ಣ ವ್ಯಾಪಾರಿ ಜೆಟ್‌ಗಳ ಲೆಕ್ಕದಲ್ಲಿ ಇನ್ನೊಂದು ತೊಡಕಿದೆ. ಅವುಗಳ ಅಪಘಾತಗಳನ್ನು ಹಾರಿದ ಗಂಟೆಗಳಿಂದ ಭಾಗಿಸುವುದು ರೂಢಿ, ಆದರೆ ದಾರಿಮೀರಿಕೆಯ ಅಪಾಯ ಗಂಟೆಗಳ ಜೊತೆ ಬೆಳೆಯುವುದಿಲ್ಲ. ಅದು ಇಳಿಯುವ ಸಲಗಳ ಜೊತೆ ಬೆಳೆಯುತ್ತದೆ. ಹತ್ತು ಗಂಟೆ ಹಾರಿ ಒಮ್ಮೆ ಇಳಿಯುವ ಭಾರಿ ವಿಮಾನಕ್ಕೂ, ಅದೇ ಹತ್ತು ಗಂಟೆಗಳಲ್ಲಿ ಬೆಂಗಳೂರು, ಬೆಳಗಾವಿ, ಮುಂಬೈ ಎಂದು ಹಲವು ಸಲ ಇಳಿದೇರುವ ಚಿಕ್ಕ ಜೆಟ್ಟಿಗೂ ಗಂಟೆಯ ಅಳತೆಗೋಲು ಹಿಡಿದರೆ ಚಿಕ್ಕದಕ್ಕೆ ಅನ್ಯಾಯವಾಗುತ್ತದೆ. ಆದರೂ ಈ ಅನ್ಯಾಯವನ್ನು ಸರಿಪಡಿಸಿದ ಮೇಲೆಯೂ ಒಂದಿಷ್ಟು ವ್ಯತ್ಯಾಸ ಉಳಿದುಕೊಳ್ಳುತ್ತದೆ, ಮತ್ತು ಆ ಉಳಿಕೆಗೆ ಕಾರಣ ಭೌತವಿಜ್ಞಾನದಲ್ಲಿದೆ.

ಒಂದು ಜೆಟ್ಟಿನ ಹತ್ತು ವರ್ಷ

ಜಪಾನಿನ ಹೋಂಡಾ ಸಂಸ್ಥೆಯ ಎಂಜಿನಿಯರ್ ಮಿಚಿಮಾಸಾ ಫುಜಿನೊ ಅವರ ಕಲ್ಪನೆಯಾದ ಹೋಂಡಾಜೆಟ್ 2003ರ ಡಿಸೆಂಬರಿನಲ್ಲಿ ಮೊದಲ ಸಲ ಹಾರಿ, 2015ರ ಡಿಸೆಂಬರಿನಲ್ಲಿ ಅಮೆರಿಕದ ವಿಮಾನಯಾನ ಆಡಳಿತದಿಂದ ಹಾರಾಟದ ಮಾನ್ಯತೆ ಪಡೆಯಿತು. ಬಾಲದ ಬಳಿ ಅಂಟಿಸುವ ಬದಲು ರೆಕ್ಕೆಯ ಮೇಲೆ ಕಂಬ ನೆಟ್ಟು ಎಂಜಿನ್‌ಗಳನ್ನು ಕೂರಿಸಿದ ಅದರ ವಿನ್ಯಾಸ ಆಗ ಎಲ್ಲರ ಗಮನ ಸೆಳೆದಿತ್ತು. ಮೇಲೇರುವಾಗಿನ ಅದರ ಗರಿಷ್ಠ ತೂಕ ಸುಮಾರು 4,800 ಕಿಲೊ, ಅಂದರೆ ನಾಲ್ಕೈದು ಕಾರುಗಳಷ್ಟು. ಪೂರ್ಣ ವೇಗ ಗಂಟೆಗೆ 780 ಕಿಲೋಮೀಟರ್ ಆಸುಪಾಸು. ಪೈಲಟ್ ಒಬ್ಬರೇ ನಡೆಸಲು ಅನುಮತಿಯುಂಟು.

ಈ ಜೆಟ್ಟಿನ ದಾಖಲೆ ಒಂದು ವಿಚಿತ್ರ ಚಿತ್ರವನ್ನು ಕೊಡುತ್ತದೆ. ಮಾನ್ಯತೆ ಪಡೆದ ಮೇಲೆ ಸುಮಾರು ಒಂಬತ್ತು ವರ್ಷ ಅದರ ಅಪಘಾತಗಳಲ್ಲಿ ಯಾರೂ ಸಾಯಲಿಲ್ಲ. ಅದೇ ಕಾಲದಲ್ಲಿ ರನ್‌ವೇಯಿಂದ ಪಕ್ಕಕ್ಕೋ ಮುಂದಕ್ಕೋ ಜಾರಿದ ಘಟನೆಗಳು ಮಾತ್ರ ಒಂದಾದ ಮೇಲೊಂದು ಸೇರುತ್ತ ಹೋದವು. 2023ರ ಮೇ 18ರಂದು ಅಮೆರಿಕದ ದಕ್ಷಿಣ ಕೆರೊಲಿನಾದ ಸಮ್ಮರ್‌ವಿಲ್‌ನಲ್ಲಿ ಒದ್ದೆಯಾಗಿದ್ದ 1,524 ಮೀಟರ್ ಉದ್ದದ ರನ್‌ವೇಯಲ್ಲಿ ಇಳಿದ ಹೋಂಡಾಜೆಟ್ ಕೊನೆಯಲ್ಲೂ ನಿಲ್ಲದೆ ಆಚೆಯ ಏರಿಗೆ ಹೋಗಿ ತಾಕಿ ಹೊತ್ತಿ ಉರಿಯಿತು. ಒಳಗಿದ್ದ ಆರು ಮಂದಿಯೂ ಹೊರಗೋಡಿ ಬದುಕಿದರು. 2024ರ ನವೆಂಬರ್ 5ರಂದು ಅರಿಜೋನಾದ ಮೆಸಾ ನಗರದಲ್ಲಿ ಮೇಲೇರಲು ಓಡುತ್ತಿದ್ದ ಇನ್ನೊಂದು ಹೋಂಡಾಜೆಟ್ ಹಾರಾಟವನ್ನು ಕೈಬಿಟ್ಟು ನಿಲ್ಲಲೆತ್ನಿಸಿತಾದರೂ, ರನ್‌ವೇ ಮುಗಿದು, ಆವರಣದ ಬೇಲಿ ಮುರಿದು, ಹೊರಗಿನ ರಸ್ತೆಯಲ್ಲಿ ಹೋಗುತ್ತಿದ್ದ ಕಾರಿಗೆ ಬಡಿದು, ವಿಮಾನದಲ್ಲಿದ್ದ ಐವರಲ್ಲಿ ನಾಲ್ವರೂ ಕಾರಿನಲ್ಲಿದ್ದ ಒಬ್ಬರೂ ಮೃತಪಟ್ಟರು. ಮೊದಲ ಜೀವಹಾನಿಯೂ ನೆಲದ ಮೇಲೆಯೇ, ನಿಲ್ಲಲಾಗದೆಯೇ ಆಯಿತೆಂಬುದು ಗಮನಿಸಬೇಕಾದ ಸಂಗತಿ.

ಗೋಕಾಕದ ಮೂರು ಪಟ್ಟು

ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟುವ ಚಿಕ್ಕ ಜೆಟ್ಟಿನ ಒಳಗೆ ಎಷ್ಟು ಶಕ್ತಿ ಅಡಗಿರುತ್ತದೆ ಎಂಬುದನ್ನು ಎತ್ತರದ ಲೆಕ್ಕಕ್ಕೆ ಬದಲಿಸಿ ನೋಡಿದರೆ ಸುಲಭವಾಗಿ ಮನಸ್ಸಿಗೆ ಇಳಿಯುತ್ತದೆ. ನಗರದ ಬೀದಿಯಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಸುಮಾರು ಹತ್ತು ಮೀಟರ್ ಎತ್ತರದಿಂದ, ಅಂದರೆ ಮೂರು ಅಂತಸ್ತಿನ ಮಹಡಿಯಿಂದ ಬಿದ್ದು ನೆಲ ಮುಟ್ಟುವ ಕಾರಿನಷ್ಟೇ ಶಕ್ತಿಯನ್ನು ಹೊತ್ತಿರುತ್ತದೆ. ವೇಗ ನಾಲ್ಕು ಪಟ್ಟಾದರೆ ಶಕ್ತಿ ಹದಿನಾರು ಪಟ್ಟಾಗುತ್ತದೆ, ಏಕೆಂದರೆ ಅದು ವೇಗವನ್ನು ವೇಗದಿಂದಲೇ ಗುಣಿಸಿದ ಹಾಗೆ ಏರುತ್ತದೆ. ಆದುದರಿಂದ 200 ಕಿಲೋಮೀಟರ್ ವೇಗದ ಜೆಟ್ಟಿನದು ಸುಮಾರು 157 ಮೀಟರ್ ಎತ್ತರದಿಂದ ಬಿದ್ದ ಶಕ್ತಿ. ಗೋಕಾಕ ಜಲಪಾತದ ಎತ್ತರ 52 ಮೀಟರಿನಷ್ಟು. ಘಟಪ್ರಭೆ ಧುಮುಕುವ ಅಂಥ ಮೂರು ಬಂಡೆಗಳನ್ನು ಒಂದರ ಮೇಲೊಂದಿಟ್ಟು ಅಲ್ಲಿಂದ ನಾಲ್ಕೂವರೆ ಟನ್ ಲೋಹವನ್ನು ಉರುಳಿಸಿದಾಗ ಹುಟ್ಟುವಷ್ಟು ಬಿರುಸನ್ನು, ಒಳಗಿರುವವರಿಗೆ ಗೊತ್ತೂ ಆಗದ ಹಾಗೆ, ಚಕ್ರ ಮತ್ತು ಬ್ರೇಕುಗಳು ಅರ್ಧ ನಿಮಿಷದೊಳಗೆ ಕಾವಾಗಿ ಕರಗಿಸಬೇಕು.

ಬೆಳಗಾವಿಯ ಸಮೀಪದಲ್ಲೇ ನಡೆದ ಒಂದು ಘಟನೆ ಈ ಗುಣಾಕಾರದ ಇನ್ನೊಂದು ಮಗ್ಗುಲನ್ನು ತೋರುತ್ತದೆ. 2023ರ ಮೇ 30ರಂದು ಸಾಂಬ್ರಾದಿಂದ ಏರಿದ ಎರಡು ಆಸನಗಳ ತರಬೇತಿ ವಿಮಾನವೊಂದು ಹೊನ್ನಿಹಾಳ ಗ್ರಾಮದ ಹೊಲದಲ್ಲಿ ತುರ್ತಾಗಿ ಇಳಿಯಬೇಕಾಯಿತು, ಮತ್ತು ಅದರಲ್ಲಿದ್ದ ಇಬ್ಬರೂ ಸಣ್ಣಪುಟ್ಟ ಗಾಯಗಳೊಂದಿಗೆ ಪಾರಾದರು. ಇಂಥ ವಿಮಾನಗಳು ಇಳಿಯುವ ವೇಗ ಗಂಟೆಗೆ 100 ಕಿಲೋಮೀಟರ್ ಆಸುಪಾಸು. ಜೆಟ್ಟಿನ ಅರ್ಧ ವೇಗ, ಆದ್ದರಿಂದ ಪ್ರತಿ ಕಿಲೊ ತೂಕಕ್ಕೆ ಕಾಲು ಭಾಗದ ಶಕ್ತಿ. ಉತ್ತ ಹೊಲವೊಂದು ಅಷ್ಟನ್ನು ನುಂಗಿಕೊಳ್ಳಬಲ್ಲದು. ಆ ಹೊಲದಲ್ಲಿ ಜೆಟ್ಟೊಂದು ಇಳಿದಿದ್ದರೆ ಕಥೆ ಹೀಗೆ ಮುಗಿಯುತ್ತಿರಲಿಲ್ಲ. ‘ಸಣ್ಣ ವಿಮಾನ’ ಎಂಬ ಒಂದೇ ಹೆಸರಿನಡಿ ಇವೆರಡನ್ನೂ ಸೇರಿಸುವುದು ಎಷ್ಟು ದಾರಿ ತಪ್ಪಿಸುವಂಥದ್ದು ಎಂಬುದು ಇದರಿಂದ ತಿಳಿಯುತ್ತದೆ: ಚಿಕ್ಕ ಜೆಟ್ ಗಾತ್ರದಲ್ಲಿ ತರಬೇತಿ ವಿಮಾನದ ನೆಂಟ, ವೇಗದಲ್ಲಿ ಭಾರಿ ವಿಮಾನದ ನೆಂಟ.

ಕುಂಟೆಯ ಮೇಲಿನ ಕಲ್ಲು

ಹಾಗಾದರೆ ಬಲವಾದ ಬ್ರೇಕು ಹಾಕಿದರೆ ಸಾಲದೇ ಎಂಬ ಪ್ರಶ್ನೆ ಸಹಜ. ಚಕ್ರವನ್ನು ಹಿಡಿದು ನಿಲ್ಲಿಸುವಷ್ಟು ಬಲವಾದ ಬ್ರೇಕು ಈ ಜೆಟ್‌ಗಳಲ್ಲಿ ಇದ್ದೇ ಇದೆ. ಕೊರತೆ ಇರುವುದು ಚಕ್ರ ಮತ್ತು ನೆಲದ ನಡುವಿನ ಹಿಡಿತದಲ್ಲಿ, ಮತ್ತು ಆ ಹಿಡಿತ ಚಕ್ರದ ಮೇಲೆ ಎಷ್ಟು ಭಾರ ಕುಳಿತಿದೆ ಎಂಬುದನ್ನು ಅವಲಂಬಿಸಿದೆ.

ಇದನ್ನು ಬೆಳಗಾವಿ ಮತ್ತು ಖಾನಾಪುರದ ರೈತರಿಗೆ ವಿವರಿಸಿ ಹೇಳಬೇಕಾದ ಅಗತ್ಯವೇ ಇಲ್ಲ. ಹರಗುವಾಗ ಕುಂಟೆಯ ಅಲಗು ಮಣ್ಣಿಗೆ ಕಚ್ಚದೆ ಮೇಲೆಮೇಲೆ ಜಾರಿದರೆ ರೈತನು ಅಲಗನ್ನು ಬದಲಿಸುವುದಿಲ್ಲ. ಕುಂಟೆಯ ಮೇಲೊಂದು ಕಲ್ಲು ಹೇರುತ್ತಾನೆ ಅಥವಾ ತಾನೇ ಕಾಲೂರಿ ನಿಲ್ಲುತ್ತಾನೆ. ಎತ್ತು ಅದೇ, ಅಲಗು ಅದೇ, ಮಣ್ಣೂ ಅದೇ. ಮೇಲಿನ ಭಾರ ಬಂದೊಡನೆ ಕಚ್ಚು ಬರುತ್ತದೆ. ವಿಮಾನದ ಚಕ್ರಕ್ಕೂ ಇದೇ ನಿಯಮ. ಭಾರ ಅರ್ಧವಾದರೆ ಬ್ರೇಕಿನಿಂದ ದೊರೆಯುವ ತಡೆಯೂ ಅರ್ಧವಾಗುತ್ತದೆ, ಅದಕ್ಕಿಂತ ಹೆಚ್ಚು ಒತ್ತಿದರೆ ಚಕ್ರ ಉರುಳುವುದನ್ನು ಬಿಟ್ಟು ಜಾರಲು ತೊಡಗುತ್ತದೆ.

ಇಲ್ಲಿಯೇ ಒಗಟಿನ ಗಂಟು ಇರುವುದು. ನೆಲ ಮುಟ್ಟಿದ ಕ್ಷಣ ವಿಮಾನದ ಭಾರವೆಲ್ಲ ಚಕ್ರಗಳ ಮೇಲೆ ಬಂದು ಕುಳಿತಿತೆಂದು ನೋಡುವವರಿಗೆ ತೋರುತ್ತದೆ, ಆದರೆ ರೆಕ್ಕೆಗೆ ನೆಲ ಬಂತೆಂಬುದು ತಿಳಿಯುವುದಿಲ್ಲ. ಗಾಳಿ ಅದೇ ವೇಗದಲ್ಲಿ ಅದರ ಮೇಲೂ ಕೆಳಗೂ ಹರಿಯುತ್ತಲೇ ಇರುವುದರಿಂದ ಅದು ವಿಮಾನವನ್ನು ಎತ್ತಿ ಹಿಡಿಯುವ ತನ್ನ ಕೆಲಸವನ್ನು ಮುಂದುವರಿಸುತ್ತದೆ. ಲಿಫ್ಟ್ ಎಂದು ವೈಮಾನಿಕರು ಕರೆಯುವ ಈ ಎತ್ತುಬಲವು ಮೂಗು ಕೆಳಗಿಳಿದಾಗ ಕೊಂಚ, ವೇಗ ಇಳಿದಂತೆ ಇನ್ನಷ್ಟು ಕಡಿಮೆಯಾಗುತ್ತದೆಯೇ ಹೊರತು ಒಮ್ಮೆಲೇ ಇಲ್ಲವಾಗುವುದಿಲ್ಲ. ಆದ್ದರಿಂದ ನೆಲ ಮುಟ್ಟಿದ ಮೊದಲ ಕೆಲವು ಸೆಕೆಂಡುಗಳಲ್ಲಿ, ವೇಗವೂ ಶಕ್ತಿಯೂ ಅತ್ಯಂತ ಹೆಚ್ಚಿರುವಾಗಲೇ, ಚಕ್ರಗಳ ಮೇಲೆ ಭಾರ ಅತ್ಯಂತ ಕಡಿಮೆ ಇರುತ್ತದೆ. ಅಂದರೆ ವಿಮಾನ ಓಡುವುದು ನೆಲದ ಮೇಲಾದರೂ ಅದರ ಅರ್ಧ ಇನ್ನೂ ಗಾಳಿಯಲ್ಲೇ ಇದೆ.

ಭಾರಿ ವಿಮಾನಗಳು ಈ ತೊಂದರೆಗೆ ನೇರವಾದ ಮದ್ದು ಇಟ್ಟುಕೊಂಡಿವೆ. ಕಿಟಕಿಯ ಬಳಿ ಕುಳಿತ ಪ್ರಯಾಣಿಕರು ನೋಡಿರಬಹುದು: ಚಕ್ರಗಳು ನೆಲ ಮುಟ್ಟಿದೊಡನೆ ರೆಕ್ಕೆಯ ಬೆನ್ನಿನ ಮೇಲೆ ಸಾಲಾಗಿ ಹಲಗೆಗಳು ತಟ್ಟನೆ ಎದ್ದು ನಿಲ್ಲುತ್ತವೆ. ಅವುಗಳ ಹೆಸರು ಸ್ಪಾಯ್ಲರ್. ಎತ್ತುಮುರಿ ಹಲಗೆಗಳೆಂದು ಕರೆದರೆ ಅವುಗಳ ಕೆಲಸ ಹೆಸರಿನಲ್ಲೇ ತಿಳಿಯುತ್ತದೆ. ಗಾಳಿಯನ್ನು ಅಡ್ಡಗಟ್ಟಿ ನಿಧಾನಗೊಳಿಸುವುದು ಅವುಗಳ ಕಿರಿಯ ಕೆಲಸ. ಎತ್ತುಬಲವನ್ನು ಮುರಿದು ಇಡೀ ಭಾರವನ್ನು ಚಕ್ರಗಳ ಮೇಲೆ ಕೂರಿಸುವುದು, ಅಂದರೆ ಕುಂಟೆಯ ಮೇಲೆ ಕಲ್ಲಿಡುವುದು, ಹಿರಿಯ ಕೆಲಸ. ಜೊತೆಗೆ ಎಂಜಿನ್ನಿನಿಂದ ಹೊರಬರುವ ಗಾಳಿಯನ್ನು ಮುಂದಕ್ಕೆ ತಿರುಗಿಸುವ ಥ್ರಸ್ಟ್ ರಿವರ್ಸರ್, ಅಂದರೆ ಹಿಮ್ಮೊಗ ನೂಕು, ಸಹ ಇರುತ್ತದೆ. ಅದಕ್ಕೆ ಚಕ್ರದ ಹಿಡಿತದ ಹಂಗೇ ಇಲ್ಲವಾದ್ದರಿಂದ ರನ್‌ವೇ ಜಾರುವಾಗ ಅದರ ಬೆಲೆ ಹೆಚ್ಚು.

ಚಿಕ್ಕ ಜೆಟ್ಟಿನ ವಿನ್ಯಾಸಕರಿಗೆ ಇವೆಲ್ಲ ಗೊತ್ತಿಲ್ಲವೆಂದಲ್ಲ. ಐದು ಟನ್ನಿಗೂ ಕಡಿಮೆ ತೂಕದ ವಿಮಾನದಲ್ಲಿ ಸೇರಿಸುವ ಪ್ರತಿ ಕಿಲೊ ಲೋಹವೂ ಒಬ್ಬ ಪ್ರಯಾಣಿಕನ ಸಾಮಾನಿನಿಂದಲೋ ಇಂಧನದಿಂದಲೋ ಕಡಿತವಾಗುತ್ತದೆ. ಒಂಟಿ ಪೈಲಟ್ ನಡೆಸುವ ಯಂತ್ರ ಆದಷ್ಟು ಸರಳವಾಗಿರಬೇಕೆಂಬ ಒತ್ತಾಯವೂ ಇರುತ್ತದೆ. ಮಾನ್ಯತೆಯ ನಿಯಮಗಳೂ ಹಗುರ ವಿಮಾನಗಳ ಪಾಲಿಗೆ ತುಸು ಸಡಿಲವಾಗಿವೆ. 1963ರಲ್ಲಿ ಮೊದಲು ಹಾರಿದ, ವ್ಯಾಪಾರಿ ಜೆಟ್ ಎಂಬ ಮಾತಿಗೆ ಪರ್ಯಾಯವೇ ಆಗಿಹೋದ ಲಿಯರ್‌ಜೆಟ್ 23 ಅನ್ನು ಅದರ ನಿರ್ಮಾಪಕ ಬಿಲ್ ಲಿಯರ್ ಬೇಕೆಂದೇ 5,670 ಕಿಲೊ ತೂಕದ ಗೆರೆಯೊಳಗೆ ಇರಿಸಿದ್ದು ಆ ಸಡಿಲ ನಿಯಮಗಳ ಲಾಭಕ್ಕಾಗಿಯೇ. ಹೋಂಡಾಜೆಟ್ ಹಿಮ್ಮೊಗ ನೂಕು ಇಲ್ಲದೆ, ರೆಕ್ಕೆಯ ಮೇಲೆ ನೆಲದಲ್ಲಿ ಏಳುವ ಎತ್ತುಮುರಿ ಹಲಗೆಗಳೂ ಇಲ್ಲದೆ ಮಾರುಕಟ್ಟೆಗೆ ಬಂದಿತ್ತು. 2022ರ ಅಕ್ಟೋಬರಿನಲ್ಲಿ ಪ್ರಕಟವಾದ ‘ಎಲೀಟ್ 2’ ಎಂಬ ಆವೃತ್ತಿಯಲ್ಲಿ ಆ ಹಲಗೆಗಳನ್ನು ಸೇರಿಸಲಾಯಿತು. ಏಳು ವರ್ಷಗಳ ದಾಖಲೆಯನ್ನು ಯಂತ್ರದ ಭಾಷೆಗೆ ಅನುವಾದಿಸಿದರೆ ಸಿಗುವುದು ಈ ಹಲಗೆಗಳೇ.

ಅಡ್ಡಗಾಳಿಯೂ ಇದೇ ಬಾಗಿಲಿನಿಂದ ಒಳಬರುತ್ತದೆ. ಭಾರ ಚೆನ್ನಾಗಿ ಕುಳಿತ ಚಕ್ರಗಳು ಪಕ್ಕದಿಂದ ನೂಕುವ ಗಾಳಿಗೆ ಎದುರು ನಿಲ್ಲುತ್ತವೆ. ಅರ್ಧ ತೇಲುತ್ತಿರುವ ವಿಮಾನದ ಚಕ್ರಗಳು ನೂಕಿದತ್ತ ಸರಿಯುತ್ತವೆ.

ಮಳೆಗಾಲದ ತೆಳುಹಾಸು

ಆಷಾಢದ ಮಳೆಯಲ್ಲಿ ಹಿಂದವಾಡಿಯ ರಸ್ತೆಗಳಲ್ಲಿ ದ್ವಿಚಕ್ರ ವಾಹನ ನಡೆಸಿದವರಿಗೆಲ್ಲ ಒದ್ದೆ ಡಾಂಬರಿನ ಜಾರುವಿಕೆ ಗೊತ್ತು, ಆದರೆ ವಿಮಾನ ಎದುರಿಸುವುದು ಅದಕ್ಕಿಂತ ಬೇರೆ ಬಗೆಯದು. ವೇಗ ಒಂದು ಗೆರೆ ದಾಟಿದ ಮೇಲೆ ಚಕ್ರದ ಮುಂದಿನ ನೀರಿಗೆ ಪಕ್ಕಕ್ಕೆ ಸರಿಯಲು ವ್ಯವಧಾನ ಸಿಗದೆ, ಅದು ಟೈರಿನ ಅಡಿಗೆ ನುಗ್ಗಿ ಟೈರನ್ನೇ ಎತ್ತಿ ಹಿಡಿಯುತ್ತದೆ. ರಬ್ಬರಿಗೂ ನೆಲಕ್ಕೂ ಸಂಬಂಧ ಕಡಿಯುತ್ತದೆ. ಹೈಡ್ರೋಪ್ಲೇನಿಂಗ್ ಎಂಬ ಈ ನೀರ್‌ತೇಲಿಕೆಯ ವೇಗದ ಗೆರೆ ಮುಖ್ಯವಾಗಿ ಟೈರಿನ ಒಳಗಿನ ಗಾಳಿಯ ಒತ್ತಡದ ಮೇಲೆ ನಿಂತಿದೆಯೆಂದು ಅಮೆರಿಕದ ನಾಸಾ ಸಂಸ್ಥೆಯ ಸಂಶೋಧಕರು 1960ರ ದಶಕದಲ್ಲಿ ತೋರಿಸಿದರು. ಒತ್ತಡ ನಾಲ್ಕು ಪಟ್ಟಾದರೆ ಆ ಗೆರೆ ಎರಡು ಪಟ್ಟು ಮೇಲಕ್ಕೆ ಹೋಗುತ್ತದೆ. ಪಂಕ್ಚರ್ ಅಂಗಡಿಯಲ್ಲಿ 30ರವರೆಗೆ ಗಾಳಿ ತುಂಬಿಸಿಕೊಂಡ ಕಾರು ಗಂಟೆಗೆ ಸುಮಾರು 90 ಕಿಲೋಮೀಟರಿನಲ್ಲಿ ತೇಲತೊಡಗಿದರೆ, 120ರ ಒತ್ತಡದ ಟೈರು 180 ಕಿಲೋಮೀಟರಿನವರೆಗೆ ನೆಲವನ್ನು ಬಿಡುವುದಿಲ್ಲ. 200ರಲ್ಲಿ ಇಳಿಯುವ ಜೆಟ್ ಈ ಗೆರೆಗಿಂತ ಮೇಲಿನಿಂದಲೇ ತನ್ನ ಓಟವನ್ನು ಆರಂಭಿಸುತ್ತದೆ.

ಮೇಲಿನಿಂದ ರೆಕ್ಕೆ ಎತ್ತುತ್ತಿರುವಾಗ ಕೆಳಗಿನಿಂದ ನೀರೂ ಎತ್ತಿದರೆ ಬ್ರೇಕಿನ ಪಾಲಿಗೆ ಉಳಿಯುವುದು ಅತ್ಯಲ್ಪ. ಆಗ ಪೈಲಟ್ ಕಾಲಿನಿಂದ ಎಷ್ಟೇ ಒತ್ತಿದರೂ ಏನೂ ಆಗದಂತೆ ಭಾಸವಾಗುತ್ತದೆ, ಮತ್ತು ಬದುಕಿ ಬಂದ ಹಲವು ಪೈಲಟ್‌ಗಳು ಬ್ರೇಕು ಕೆಟ್ಟಿತ್ತೆಂದೇ ಪ್ರಾಮಾಣಿಕವಾಗಿ ಹೇಳಿದ್ದಾರೆ. ಬ್ರೇಕು ಸರಿಯಿತ್ತು. ಅದಕ್ಕೆ ಹಿಡಿದುಕೊಳ್ಳಲು ನೆಲ ಸಿಕ್ಕಿರಲಿಲ್ಲ.

ಎರಡು ಅಂಚುಗಳ ನಡುವಿನ ದಾರಿ

ಹೀಗಿರುವಾಗ ಇನ್ನೂ ನಿಧಾನವಾಗಿ ಇಳಿಯಬಾರದೇಕೆ ಎಂಬುದಕ್ಕೆ ಉತ್ತರ ಇನ್ನೊಂದು ತುದಿಯಲ್ಲಿದೆ. ವೇಗ ತೀರ ಇಳಿದರೆ ರೆಕ್ಕೆಯ ಮೇಲಿನ ಗಾಳಿಯ ಹರಿವು ಕಳಚಿಕೊಂಡು ಎತ್ತುಬಲ ಹಠಾತ್ತನೆ ಕುಸಿಯುತ್ತದೆ. ಇದು ಸ್ಟಾಲ್, ಅಂದರೆ ಎತ್ತುಕುಸಿತ. ಆ ವೇಗಕ್ಕಿಂತ ಸುಮಾರು ಶೇಕಡ 30ರಷ್ಟು ಮೇಲಿರುವಂತೆ ರನ್‌ವೇಯ ಅಂಚನ್ನು ದಾಟಬೇಕೆಂಬುದು ರೂಢಿಯ ಅಳತೆ. 2023ರ ಸೆಪ್ಟೆಂಬರ್ 14ರಂದು ವಿಶಾಖಪಟ್ಟಣದಿಂದ ಬಂದ ಲಿಯರ್‌ಜೆಟ್ 45 ವಿಮಾನವೊಂದು ಭಾರಿ ಮಳೆಯಲ್ಲಿ ಮುಂಬೈಯಲ್ಲಿ ಇಳಿಯುವಾಗ ರನ್‌ವೇಯ ಬಲಕ್ಕೆ ಸರಿದು ಅಪ್ಪಳಿಸಿ ಮುರಿಯಿತು. ಅದರಲ್ಲಿದ್ದ ಎಂಟು ಮಂದಿಯೂ ಬದುಕುಳಿದರು. ಪತ್ರಿಕೆಗಳು ಅದನ್ನು ‘ರನ್‌ವೇಯಿಂದ ಜಾರಿದ ವಿಮಾನ’ ಎಂದೇ ಬರೆದವು, ಆದರೆ ತನಿಖೆಯ ಪ್ರಾಥಮಿಕ ವರದಿಯ ಪ್ರಕಾರ ನೆಲ ಮುಟ್ಟುವ ಮೊದಲೇ ಎತ್ತುಕುಸಿತದ ಎಚ್ಚರಿಕೆ ಮೊಳಗಿತ್ತು. ಹೊರನೋಟಕ್ಕೆ ಒಂದೇ ಬಗೆಯಾಗಿ ಕಾಣುವ ಎರಡು ಅಪಘಾತಗಳು ಪರಸ್ಪರ ವಿರುದ್ಧ ತುದಿಗಳಿಂದ ಬಂದಿರಬಹುದೆಂಬುದು ದಾಖಲೆ ಓದುವವರು ಮರೆಯಬಾರದ ಮಾತು.

ಈ ಅಂಚಿಗೆ ಹೆದರಿದ ಪೈಲಟ್ ಎಚ್ಚರಿಕೆಗೆಂದು ಕೊಂಚ ಹೆಚ್ಚಿನ ವೇಗ ಇಟ್ಟುಕೊಳ್ಳುವುದು ಮನುಷ್ಯಸಹಜ, ಆದರೆ ಆ ಹೆಚ್ಚುವರಿ ವೇಗವೇ ರೆಕ್ಕೆಗೆ ಹೆಚ್ಚುವರಿ ಎತ್ತುಬಲ ಕೊಟ್ಟು, ವಿಮಾನ ನೆಲದ ಮೇಲೆ ಒಂದಾಳೆತ್ತರದಲ್ಲಿ ಇಳಿಯಲೊಲ್ಲದೆ ತೇಲುತ್ತ ಸಾಗುತ್ತದೆ. ಗಂಟೆಗೆ 200 ಕಿಲೋಮೀಟರೆಂದರೆ ಸೆಕೆಂಡಿಗೆ 55 ಮೀಟರ್. ಆರು ಸೆಕೆಂಡು ತೇಲಿದರೆ ರನ್‌ವೇಯ 330 ಮೀಟರ್ ಖರ್ಚಾಯಿತು. ಕರ್ನಾಟಕದ ಜನ ಎಂದೂ ಮರೆಯಲಾರದ, 2010ರ ಮೇ 22ರ ಮಂಗಳೂರಿನ ದುರಂತದಲ್ಲಿ 158 ಮಂದಿ ಸತ್ತದ್ದು ಭಾರಿ ವಿಮಾನದಲ್ಲಿ, ಎತ್ತುಮುರಿ ಹಲಗೆಯೂ ಹಿಮ್ಮೊಗ ನೂಕೂ ಎಲ್ಲ ಇದ್ದ ಬೋಯಿಂಗ್ 737ರಲ್ಲಿ. ಸುಮಾರು 2,450 ಮೀಟರ್ ಉದ್ದದ ರನ್‌ವೇಯಲ್ಲಿ ಅದು 1,580 ಮೀಟರಿನಷ್ಟು ದಾಟಿದ ಮೇಲೆ ನೆಲ ಮುಟ್ಟಿತ್ತು. ಸಲಕರಣೆಗಳೆಲ್ಲ ಇದ್ದ ಯಂತ್ರವನ್ನೂ ಖರ್ಚಾಗಿಹೋದ ಉದ್ದ ಬಿಡಲಿಲ್ಲವೆಂದ ಮೇಲೆ, ಅವೇ ಇಲ್ಲದ ಚಿಕ್ಕ ಜೆಟ್ಟಿಗೆ ಪ್ರತಿ ಮೀಟರಿನ ಬೆಲೆ ಎಷ್ಟೆಂಬುದನ್ನು ಊಹಿಸಬಹುದು.

ಬೆಳಗಾವಿ ಜಿಲ್ಲೆಯ ಹತ್ತರಗಿಯಲ್ಲಿರುವ ಏಕಸ್ ಸಂಸ್ಥೆಯ ವೈಮಾನಿಕ ಕೈಗಾರಿಕಾ ವಲಯದಲ್ಲಿ ಏರ್‌ಬಸ್‌ನಂಥ ವಿಮಾನಗಳಿಗೆ ಬಿಡಿಭಾಗಗಳು ತಯಾರಾಗುತ್ತವೆ. ಕೂದಲೆಳೆಗಿಂತ ಕಡಿಮೆ ಅಂತರವನ್ನೂ ಅಳೆದು ನೋಡುವ ಅಂಥ ಕೆಲಸದಿಂದಾಗಿ ಲೋಹ ಮುರಿದು ಆಗುವ ಅಪಘಾತಗಳು ದಶಕದಿಂದ ದಶಕಕ್ಕೆ ಕಡಿಮೆಯಾಗುತ್ತ ಬಂದಿವೆ. ಅವು ಕಡಿಮೆಯಾದಂತೆಲ್ಲ ಉಳಿದವುಗಳ ನಡುವೆ ಈ ನಿಲ್ಲಲಾಗದ ಅಪಘಾತಗಳು ಎದ್ದು ಕಾಣುತ್ತಿವೆ.

ಸಾಂಬ್ರಾದ 2,300 ಮೀಟರ್

ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಬ್ರಿಟಿಷ್ ವಾಯುಪಡೆಗಾಗಿ ಕಟ್ಟಿದ ಸಾಂಬ್ರಾ ನಿಲ್ದಾಣದ ರನ್‌ವೇ ಬಹುಕಾಲ 1,830 ಮೀಟರ್ ಆಸುಪಾಸಿನದಾಗಿತ್ತು. 2017ರಲ್ಲಿ ಹೊಸ ಟರ್ಮಿನಲ್ ಉದ್ಘಾಟನೆಯಾಗುವ ಹೊತ್ತಿಗೆ ಅದನ್ನು 2,300 ಮೀಟರಿಗೆ ಉದ್ದ ಮಾಡಲಾಗಿತ್ತು. ದೊಡ್ಡ ವಿಮಾನಗಳು ಬರಲೆಂದು ಮಾಡಿದ ಈ ವಿಸ್ತರಣೆಯಿಂದ ಚಿಕ್ಕ ಜೆಟ್‌ಗಳಿಗೆ ಆದ ಲಾಭದ ಬಗ್ಗೆ ಯಾರೂ ಅಷ್ಟಾಗಿ ಮಾತನಾಡಿಲ್ಲ, ಆದರೆ ಲೆಕ್ಕ ಹಾಕಿದರೆ ಅದು ಸಣ್ಣದೇನೂ ಅಲ್ಲ.

ಬೆಳಗಾವಿ ಸಮುದ್ರಮಟ್ಟದಿಂದ 750 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿ ತೆಳು; ರೆಕ್ಕೆಗೆ ಅಷ್ಟೇ ಎತ್ತುಬಲ ದೊರೆಯಬೇಕಾದರೆ ವಿಮಾನ ಕರಾವಳಿಗಿಂತ ಹೆಚ್ಚು ವೇಗದಲ್ಲಿ ಇಳಿಯಲೇಬೇಕು. ಏಪ್ರಿಲ್‌ನ 35 ಡಿಗ್ರಿ ಬಿಸಿಲಿನ ಮಧ್ಯಾಹ್ನ, ಸಮುದ್ರಮಟ್ಟದ 15 ಡಿಗ್ರಿಯ ಗಾಳಿಗೆ ಹೋಲಿಸಿದರೆ, ಆ ವೇಗ ಸುಮಾರು ಶೇಕಡ 8ರಷ್ಟು ಹೆಚ್ಚು, ಬ್ರೇಕುಗಳು ಕರಗಿಸಬೇಕಾದ ಶಕ್ತಿ ಸುಮಾರು ಶೇಕಡ 17ರಷ್ಟು ಹೆಚ್ಚು. ಪೈಲಟ್‌ನ ವೇಗಮಾಪಕ ಇದನ್ನು ತೋರಿಸುವುದಿಲ್ಲ, ಏಕೆಂದರೆ ಅದು ಅಳೆಯುವುದು ಗಾಳಿಯ ಒತ್ತಡವನ್ನು; ತೆಳು ಗಾಳಿಯಲ್ಲಿ ಅದೂ ರೆಕ್ಕೆಯಂತೆಯೇ ಮೋಸಹೋಗುತ್ತದೆ.

ಇನ್ನೊಂದು ಕಡೆಯಿಂದ ಪ್ರಕೃತಿ ನೆರವಿಗೂ ಬರುತ್ತದೆ. ಸಾಂಬ್ರಾದ ರನ್‌ವೇ ಹೆಚ್ಚುಕಡಿಮೆ ಪೂರ್ವ-ಪಶ್ಚಿಮವಾಗಿ ಚಾಚಿದೆ, ಮುಂಗಾರಿನ ಗಾಳಿ ಖಾನಾಪುರದ ಕಾಡು, ಘಟ್ಟಗಳ ಕಡೆಯಿಂದ ಪಶ್ಚಿಮದಿಂದಲೇ ಬೀಸುತ್ತದೆ. ರನ್‌ವೇ ಅತಿ ಹೆಚ್ಚು ಒದ್ದೆಯಾಗಿರುವ ತಿಂಗಳುಗಳಲ್ಲೇ, ಪೂರ್ವದಿಂದ ಬಂದು ಇಳಿಯುವ ವಿಮಾನಕ್ಕೆ ಎದುರುಗಾಳಿ ಸಿಗುವ ಸಂಭವ ಹೆಚ್ಚು. ಗಂಟೆಗೆ 35 ಕಿಲೋಮೀಟರಿನ ಎದುರುಗಾಳಿಯಿದ್ದರೆ 200ರಲ್ಲಿ ಹಾರುವ ವಿಮಾನ ನೆಲಕ್ಕೆ 165ರಲ್ಲಿ ಮುಟ್ಟುತ್ತದೆ, ಶಕ್ತಿಯ ಸುಮಾರು ಮೂರರಲ್ಲೊಂದು ಪಾಲು ಮುಟ್ಟುವ ಮೊದಲೇ ಕಳೆದುಹೋಗಿರುತ್ತದೆ, ಮತ್ತು ಆ ವೇಗ ನೀರ್‌ತೇಲಿಕೆಯ ಗೆರೆಗಿಂತ ಕೆಳಗೂ ಬಂದಿರಬಹುದು. ಅದೇ ಗಾಳಿಯನ್ನು ಬೆನ್ನಿಗೆ ಇಟ್ಟುಕೊಂಡು ತಿರುವುಮುರುವಾಗಿ ಇಳಿಯಲು ಹೋದರೆ ಇಷ್ಟೂ ಲಾಭ ಮಗುಚಿಕೊಳ್ಳುತ್ತದೆ. ಅವಸರದಲ್ಲಿ ಒಂದು ಸುತ್ತು ಉಳಿಸಲೆಂದು ಪೈಲಟ್‌ಗಳು ಹಾಗೆ ಮಾಡಿ ಕೆಟ್ಟ ಉದಾಹರಣೆಗಳು ಜಗತ್ತಿನಲ್ಲಿ ಸಾಕಷ್ಟಿವೆ.

ಒಂದು ಜೆಟ್ಟಿನ ಕೈಪಿಡಿ ಅದು ಒಣ ನೆಲದಲ್ಲಿ 900 ಮೀಟರಿನೊಳಗೆ ನಿಲ್ಲುತ್ತದೆಂದು ಹೇಳುತ್ತದೆಂದು ಇಟ್ಟುಕೊಂಡರೆ, ಆ ಅಂಕಿ ಹೊಸ ಟೈರು, ನುರಿತ ಪರೀಕ್ಷಾ ಪೈಲಟ್ ಮತ್ತು ಸರಿಯಾದ ಜಾಗದಲ್ಲಿ ನೆಲ ಮುಟ್ಟಿದ ಇಳಿತದ್ದು. ಆದ್ದರಿಂದ ಬಾಡಿಗೆ ಪ್ರಯಾಣಿಕರನ್ನು ಒಯ್ಯುವ ಜೆಟ್‌ಗಳಿಗೆ ಅಮೆರಿಕವೂ ಸೇರಿ ಹಲವು ದೇಶಗಳಲ್ಲಿ ಇರುವ ನಿಯಮದಂತೆ ಆ ಉದ್ದ ರನ್‌ವೇಯ ಶೇಕಡ 60ರೊಳಗೆ ಬರಬೇಕು, ಒದ್ದೆಯಿದ್ದರೆ ಮತ್ತೆ ಶೇಕಡ 15 ಕೂಡಿಸಬೇಕು: 900 ಹೀಗೆ 1,500 ಆಗಿ, ಮಳೆಗೆ 1,725 ಆಗುತ್ತದೆ. ಸಾಂಬ್ರಾದ ಹಳೆಯ ರನ್‌ವೇಯಲ್ಲಿ ಇದಾದ ಮೇಲೆ ನೂರು ಮೀಟರ್ ಮಾತ್ರ ಉಳಿಯುತ್ತಿತ್ತು, ಅಂದರೆ ಎರಡು ಸೆಕೆಂಡಿನ ತೇಲಾಟ; ಈಗಿನದರಲ್ಲಿ 575 ಮೀಟರ್ ಉಳಿಯುತ್ತದೆ, ಅಂದರೆ ಹತ್ತು ಸೆಕೆಂಡು. ಮಾಲೀಕನೇ ಪೈಲಟ್ ಆಗಿ ತನ್ನ ಖಾಸಗಿ ಕೆಲಸಕ್ಕೆ ಹಾರಿಸುವ ಜೆಟ್ಟಿಗೆ ಅಮೆರಿಕದಲ್ಲಿ ಈ ಗುಣಾಕಾರ ಕಡ್ಡಾಯವಿಲ್ಲ. ಒಂದೇ ಕಾರ್ಖಾನೆಯ, ಒಂದೇ ಮಾದರಿಯ ಎರಡು ವಿಮಾನಗಳ ದಾಖಲೆ ಬೇರೆ ಬೇರೆಯಾಗಲು ಇಷ್ಟೇ ಸಾಕು, ಮತ್ತು ಮಾದರಿಯ ಹೆಸರಿನಡಿ ಬರೆದ ಪಟ್ಟಿಯಲ್ಲಿ ಆ ವ್ಯತ್ಯಾಸ ಕಾಣಸಿಗುವುದಿಲ್ಲ.

ಇಳಿಯಬೇಕಾದ ಜಾಗ ದಾಟಿಹೋಯಿತೆಂದು ಕಂಡೊಡನೆ ಎಂಜಿನ್ನಿಗೆ ಪೂರ್ಣ ಬಲ ಕೊಟ್ಟು ಮತ್ತೆ ಮೇಲೇರಿ ಸುತ್ತಿ ಬರುವ ಕ್ರಮಕ್ಕೆ ಗೋ-ಅರೌಂಡ್ ಎಂದು ಹೆಸರು. ಒಳಗಿರುವ ಪ್ರಯಾಣಿಕರಿಗೆ ಅದು ಗಾಬರಿ ಹುಟ್ಟಿಸುತ್ತದೆ, ಹತ್ತು ನಿಮಿಷ ತಡವಾಗುತ್ತದೆ, ಇಂಧನ ಖರ್ಚಾಗುತ್ತದೆ; ಆದ್ದರಿಂದ ಸುತ್ತಿ ಬರದೆ ಇಳಿದುಬಿಡುವ ಸೆಳೆತ ಇದ್ದೇ ಇರುತ್ತದೆ. ದೊಡ್ಡ ವಿಮಾನ ಸಂಸ್ಥೆಗಳು ಪ್ರತಿ ಇಳಿತದ ವೇಗವನ್ನೂ, ಚಕ್ರ ಮುಟ್ಟಿದ ಜಾಗವನ್ನೂ ವಿಮಾನದ ಯಂತ್ರಗಳಿಂದಲೇ ತೆಗೆದು ದಾಖಲಿಸಿಡುತ್ತವೆ. ಅಪಘಾತವೇ ಆಗದ ಸಾವಿರಾರು ಇಳಿತಗಳಲ್ಲಿ ಎಷ್ಟು ವಿಮಾನಗಳು ಜಾಗ ದಾಟಿ ಮುಟ್ಟಿದವು, ಅವುಗಳಲ್ಲಿ ಎಷ್ಟು ಮತ್ತೆ ಮೇಲೇರಬೇಕಿತ್ತು ಎಂಬುದು ಅವರಿಗೆ ತಿಳಿದಿರುತ್ತದೆ. ಹಾಗೆ ಬರೆದಿಡುವಂತೆ ಯಾರೂ ಕೇಳದ ಚಿಕ್ಕ ಜೆಟ್ಟು ಮಳೆಯಲ್ಲಿ 600 ಮೀಟರ್ ದಾಟಿ ನೆಲ ಮುಟ್ಟಿ, ಕೊನೆಯ ದೀಪಗಳ ಹತ್ತಿರ ಹೇಗೋ ನಿಂತುಬಿಟ್ಟರೆ, ಪ್ರಯಾಣಿಕರು ಕೊಡೆ ಬಿಚ್ಚಿ ಇಳಿದು ಹೋಗುತ್ತಾರೆ, ಪಟ್ಟಿಯಲ್ಲಿ ಆ ದಿನದ ಮುಂದೆ ಸೊನ್ನೆಯೇ ಇರುತ್ತದೆ.